ಚಾಣಕ್ಯ ಅಷ್ಟೇ ಹೇಳಿದ್ದಲ್ಲ ಸ್ವಾಮಿ!

"ದೊಡ್ಡ ದೇಶದ ಪಕ್ಕ ಇರೋ ಸಣ್ಣ ದೇಶ ತಗ್ಗಿ ಬಗ್ಗಿ ನಡೀಬೇಕು ಮಾರಾಯ. ಇದೇ ರಿಯಲಿಸಂ. ನಮ್ಮ ಚಾಣಕ್ಯ ಹೇಳಿದ್ದೂ ಇದನ್ನೇ."

ಯುಕ್ರೇನ್ ವಿಷಯ ಬಂದಾಗಲೆಲ್ಲ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ ಹೊಡೆಯೋ ಡೈಲಾಗ್ ಇದು. ಅವನ ಬೆನ್ನಿಗೆ ದೊಡ್ಡ ಪಂಡಿತರೂ ಇದ್ದಾರೆ. ಈ ಬಿಕ್ಕಟ್ಟಿಗೆ ಪಶ್ಚಿಮ ದೇಶಗಳೇ ಕಾರಣ, ನೇಟೋವನ್ನು ರಷ್ಯಾದ ಬಾಗಿಲವರೆಗೆ ತಂದಿದ್ದೇ ತಪ್ಪು ಅಂತ ಜಾನ್ ಮಿಯರ್‌ಶೈಮರ್ 2014ರಲ್ಲೇ ಬರೆದಿದ್ದರು. ಈ ಪಂಥದವರಿಗೆ ದೇಶ ಅಂದ್ರೆ ಒಂದು ಬ್ಲ್ಯಾಕ್ ಬಾಕ್ಸ್. ಟ್ಯಾಂಕ್ ಎಷ್ಟು, ಬಾಂಬ್ ಎಷ್ಟು ನೋಡಿದ್ರೆ ಸಾಕು, ಒಳಗಿನ ಜನ ಲೆಕ್ಕಕ್ಕಿಲ್ಲ. (ನಾವು ಕೋಡ್ ಬರೆಯೋರೂ ಹಾಗೇ ಬಿಡಿ, ಬಗ್ ಬಂದಾಗ ಮಾತ್ರ ಡಬ್ಬಿ ಬಿಚ್ಚೋದು.)

ಅವರ ವಾದ ಅವರದು. ಆದರೆ ಚಾಣಕ್ಯನನ್ನು ಯಾಕೆ ಎಳೀತಾರೆ?

ಅರ್ಥಶಾಸ್ತ್ರ ತೆಗೆದು ನೋಡಿ. ನಮ್ಮ ಮೈಸೂರಿನಲ್ಲೇ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ದುರ್ಬಲ ರಾಜ ಬಲಶಾಲಿಗೆ ಬಗ್ಗಿಬಿಡಬೇಕು ಅನ್ನೋ ಮಾತು ಅದರಲ್ಲಿದೆ, ನಿಜ. ಆದರೆ ಅದು ಭಾರದ್ವಾಜನ ಮತ. ಕೌಟಿಲ್ಯ ಅದನ್ನು "ಇಲ್ಲ" ಅಂತ ತಳ್ಳಿಹಾಕ್ತಾನೆ! ಇನ್ನೊಬ್ಬ ಬಲಶಾಲಿಯ ಆಸರೆ ಪಡಿ, ಇಲ್ಲಾ ಗಟ್ಟಿ ಕೋಟೆ ಸೇರ್ಕೋ ಅಂತಾನೆ. ಯುಕ್ರೇನ್ ನೇಟೋ ಬಾಗಿಲು ತಟ್ಟಿದ್ದು ಇನ್ಯಾತಕ್ಕೆ?

ಇನ್ನೊಂದು ಕಡೆ ಒಂದು ಪ್ರಶ್ನೆ ಬರುತ್ತೆ. ಬಲಶಾಲಿ ಆದರೆ ಅನ್ಯಾಯಗಾರ ರಾಜ ಒಬ್ಬ, ದುರ್ಬಲ ಆದರೆ ನ್ಯಾಯವಂತ ಇನ್ನೊಬ್ಬ. ಯಾರ ಮೇಲೆ ದಂಡೆತ್ತಿ ಹೋಗಬೇಕು? ಬಲಶಾಲಿಯ ಮೇಲೆ ಅಂತಾನೆ. ಯಾಕಂದ್ರೆ ಅವನ ಪ್ರಜೆಗಳೇ ಅವನನ್ನು ಕೈಬಿಡ್ತಾರೆ. ದುರ್ಬಲನ ಪ್ರಜೆಗಳಾದರೋ ಸಾಯೋವರೆಗೂ ಜೊತೆಗಿರ್ತಾರೆ.

ಇದರಲ್ಲಿ ಕರುಣೆ ಗಿರುಣೆ ಏನಿಲ್ಲ, ಬರೀ ಲೆಕ್ಕಾಚಾರ. 2022ರ ಫೆಬ್ರವರಿ 24ರಂದು ದಾಳಿ ಶುರು ಮಾಡಿದಾಗ ಮಾಸ್ಕೋ ಈ ಲೆಕ್ಕವನ್ನೇ ಮರೆತಿತ್ತು. ಯುಕ್ರೇನ್ ರಾಮರಾಜ್ಯವೇನಲ್ಲ, ಲಂಚ ಅಲ್ಲೂ ಬೇಕಾದಷ್ಟಿದೆ. ಆದರೂ ಜನ ರಷ್ಯಾದ ಸೈನ್ಯಕ್ಕೆ ಹಾರ ಹಾಕಲಿಲ್ಲ, ಬಂದೂಕು ಹಿಡಿಯೋಕೆ ಸಾಲು ನಿಂತರು. ಏಪ್ರಿಲ್ ಮೊದಲ ವಾರದೊಳಗೆ ಕೀವ್ ಸುತ್ತಮುತ್ತಲಿಂದ ರಷ್ಯಾ ಜಾಗ ಖಾಲಿ ಮಾಡ್ತು.

"2025ರಲ್ಲೂ ಐದರಲ್ಲೊಂದು ಪಾಲು ನೆಲ ರಷ್ಯಾ ಕೈಲೇ ಇತ್ತಲ್ಲೋ?" ಅಂದ ಗೆಳೆಯ. ಹೌದು, ಇತ್ತು. ದುರ್ಬಲ ಗೆದ್ದೇ ಗೆಲ್ತಾನೆ ಅಂತ ಕೌಟಿಲ್ಯನೂ ಹೇಳಿಲ್ಲ.

ಏಳನೇ ಅಧಿಕರಣ, ಐದನೇ ಅಧ್ಯಾಯ ಓದು ಅಂತ ಅವನಿಗೆ ಲಿಂಕ್ ಕಳಿಸಿದೀನಿ. ಇನ್ನೂ ತೆರೆದ ಹಾಗಿಲ್ಲ...