ಶಿಕ್ಷೆ ಮುಗಿದವನಿಗೆ ಜಾಮೀನು ಯಾರು?

ವಿಜಯವಾಡದಿಂದ ಚೆನ್ನೈಗೆ ರೈಲಿನಲ್ಲಿ ಹೋಗುವ ನಮ್ಮವರು ಬಾಪಟ್ಲ ಮತ್ತು ಚೀರಾಲಗಳ ನಡುವೆ ಸ್ಟುವರ್ಟ್‌ಪುರಂ ಎಂಬ ಚಿಕ್ಕ ನಿಲ್ದಾಣವನ್ನು ಕಂಡಿರಬಹುದು. 1871ರ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿದ ಮೇಲೆ ಎರುಕುಲ ಕುಟುಂಬಗಳನ್ನು ಕೂಡಿಹಾಕಲು ಹುಟ್ಟಿದ ಊರು ಅದು. ಎರುಕುಲರು ನಮ್ಮ ನಾಡಿನ ಕೊರಮ, ಕೊರಚರ ಬಳಗದವರೇ. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಬಲ್ಲವರಿಗೆ ಈ ಕಥೆ ಹೊಸದಲ್ಲ. 1952ರಲ್ಲಿ ಕಾಯಿದೆ ರದ್ದಾಯಿತು. ಕಳಂಕ ಮಾತ್ರ ಉಳಿಯಿತು. ಊರಿನ ಹೆಸರು ಹೇಳಿದೊಡನೆ ಕೆಲಸದ ಬಾಗಿಲು ಮುಚ್ಚುತ್ತಿತ್ತು.

1970ರ ದಶಕದಲ್ಲಿ ವಿಜಯವಾಡದ ನಾಸ್ತಿಕ ಕೇಂದ್ರದ ಲವಣಂ ಮತ್ತು ಅವರ ಪತ್ನಿ, ಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ, ಆ ಊರಿಗೆ ಹೋದರು. ವಿನೋಬಾ ಅವರ ಎದುರು 1960ರಲ್ಲಿ ಚಂಬಲ್ ದರೋಡೆಕೋರರು ಶರಣಾದ ಘಟನೆಯ ನೆನಪು ಆಗಿನ್ನೂ ಹಸಿರಾಗಿತ್ತು. ಕಳವನ್ನು ಬಿಟ್ಟವನಿಗೆ ಮರುದಿನದ ಅನ್ನಕ್ಕೆ ದಾರಿಯಿರದಿದ್ದರೆ ಉಪದೇಶ ನಿಲ್ಲದು ಎಂಬುದು ಆ ಕೆಲಸದಿಂದ ನಾನು ತಿಳಿದ ಪಾಠ.

ಇಂದು ವಿಶಾಖಪಟ್ಟಣದ ಕೇಂದ್ರ ಕಾರಾಗೃಹದಿಂದ ಹೊರಬರುವವನ ಮುಂದೆಯೂ ಅದೇ ಪ್ರಶ್ನೆಯಿದೆ. ವಿಳಾಸವಿಲ್ಲದವನಿಗೆ ಕೆಲಸವಿಲ್ಲ, ಸಂಬಳವಿಲ್ಲದವನಿಗೆ ಬಾಡಿಗೆಯ ಕೋಣೆಯಿಲ್ಲ. ಬಂದರು, ನೌಕಾನೆಲೆಗಳ ಗೇಟ್ ಪಾಸಿಗೆ ಪೊಲೀಸ್ ಪರಿಶೀಲನೆ ಅಡ್ಡ ಬರುತ್ತದೆ. ಶಿಕ್ಷೆ ಮುಗಿಸಿ ನಿರ್ದಿಷ್ಟ ವರ್ಷ ಸನ್ನಡತೆಯಿಂದ ಬಾಳಿದವನ ಹಳೆಯ ದಾಖಲೆಯನ್ನು ಗಣಿಸಬಾರದೆಂಬ ಶಾಸನವನ್ನು ಬ್ರಿಟನ್ 1974ರಲ್ಲೇ ಮಾಡಿತು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯಿದೆ ಮಕ್ಕಳಿಗೆ ಅಂತಹ ರಕ್ಷಣೆ ಕೊಟ್ಟಿದೆ. ವಯಸ್ಕರಿಗೆ ಹಾಗೆ ಸಾಮಾನ್ಯವಾಗಿ ಅನ್ವಯಿಸುವ ಶಾಸನವಿಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಣ್ಣಪುಟ್ಟ ಅಪರಾಧಗಳನ್ನು ಉದಾರವಾಗಿ ನೋಡಬಹುದೆಂದಿತು. ಆದರೆ ನಿಜ ಹೇಳಿದವನನ್ನೂ ನೇಮಿಸಲೇಬೇಕೆಂಬ ಬಲವಂತ ಉದ್ಯೋಗದಾತನಿಗಿಲ್ಲ ಎಂದೂ ಹೇಳಿತು. ಕಡೆಗೆ ನಿರ್ಧಾರ ಮಾಲೀಕನ ಮನಸ್ಸಿಗೆ ಬಿಟ್ಟದ್ದು.

ಆ ಮಾಲೀಕರಲ್ಲಿ ನಾವೂ ಇದ್ದೇವೆ. ಈ ಎರಡೂ ನಗರಗಳಲ್ಲಿ ಹೋಟೆಲು ನಡೆಸುವ, ಮನೆಗಳನ್ನು ಬಾಡಿಗೆಗೆ ಕೊಡುವ ಕನ್ನಡಿಗರಿದ್ದಾರೆ. ಅವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹಣ ದುರುಪಯೋಗ ಮಾಡಿದವನನ್ನು ಮೊದಲ ದಿನವೇ ಗಲ್ಲಾದ ಮೇಲೆ ಕೂರಿಸೆಂದು ಯಾರೂ ಹೇಳಲಾರರು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನಿಗೆ ಶಾಲೆಯ ಕೆಲಸ ಸಲ್ಲದು. ಆದರೆ ಹತ್ತು ವರ್ಷದ ಹಿಂದೆ ಹೊಡೆದಾಟದಲ್ಲಿ ಸಿಕ್ಕಿಬಿದ್ದವನು ಹಿಟ್ಟು ರುಬ್ಬಲು ಹೇಗೆ ಅನರ್ಹನಾಗುತ್ತಾನೆ? ಅಪರಾಧ ಯಾವುದು, ಕಳೆದ ಕಾಲವೆಷ್ಟು, ಕೊಡುವ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಎಂಬ ಮೂರು ಪ್ರಶ್ನೆ ಸಾಕು. ಇನ್ನೊಂದು ಮಾತು: 2022ರ ಅಂಕಿಅಂಶಗಳಂತೆ ದೇಶದ ಸೆರೆಯಾಳುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ‘ಜೈಲಿಗೆ ಹೋಗಿ ಬಂದವನು’ ಎಂದೊಡನೆ ಅಪರಾಧಿಯೆಂದು ತೀರ್ಮಾನಿಸುವುದು ಎಷ್ಟು ಸರಿ?

ಹೊರನಾಡಿಗೆ ಬಂದಾಗ ನಮ್ಮನ್ನೂ ‘ನೀವು ಯಾರ ಪೈಕಿ?’ ಎಂದು ಕೇಳಿದವರಿದ್ದರು. ಊರಿನವರೊಬ್ಬರ ಪರಿಚಯದ ಮಾತು, ಸಂಘದ ಒಂದು ಪತ್ರ ನಮ್ಮಲ್ಲಿ ಎಷ್ಟೋ ಮಂದಿಗೆ ಮೊದಲ ಕೋಣೆಯನ್ನು ದೊರಕಿಸಿಕೊಟ್ಟಿತು. ಬಿಡುಗಡೆಯಾದವನಿಗೆ ಇಲ್ಲದಿರುವುದು ಇಂತಹ ಜಾಮೀನೇ. ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಕಾರಾಗೃಹದ ಕಲ್ಯಾಣಾಧಿಕಾರಿಗಳೊಡನೆ ಮಾತನಾಡಲು ಸಂಘವು ಇಬ್ಬರು ಹಿರಿಯರನ್ನು ನೇಮಿಸಲಿ. ವರ್ಷಕ್ಕೆ ಇಬ್ಬರಿಗಾದರೂ, ಅವರು ಕನ್ನಡಿಗರಿರಲಿ ತೆಲುಗರಿರಲಿ, ಪರಿಚಯಪತ್ರ ಕೊಡಲಿ. ಆರು ತಿಂಗಳ ಬಾಡಿಗೆಗೆ ಸಂಘವೇ ಹೊಣೆ ನಿಲ್ಲಲಿ. ಇದನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.