ಗೌರವ ಇದೆ, ಧನ ಎಲ್ಲಿ?



ಹಾಸ್ಟೆಲಿನಲ್ಲಿರೋ ನಮ್ಮಲ್ಲಿ ಎಷ್ಟೋ ಜನರ ಅವ್ವ, ಅಕ್ಕ, ಚಿಕ್ಕವ್ವ ಗುಲಾಬಿ ಸೀರೆ ಉಟ್ಟು ಆಶಾ ಕೆಲಸಕ್ಕೆ ಹೋಗುತ್ತಾರೆ. ನಡುರಾತ್ರಿ ಬಸುರಿಗೆ ನೋವು ಬಂದರೆ ಊರು ಬಡಿಯುವುದು ಅವಳ ಬಾಗಿಲನ್ನೇ. ಆಸ್ಪತ್ರೆಗೆ ಕರಕೊಂಡು ಹೋಗಿ, ಬೆಳಗಿನ ತನಕ ಕಾದು, ವಾಪಸು ಬಂದು ಕೂಸುಗಳ ಲಸಿಕೆ ಲೆಕ್ಕ ಬರೀತಾಳೆ. ತಿಂಗಳ ಕೊನೆಗೆ ಅವಳಿಗೆ ಬರೋದು ಸಂಬಳ ಅಲ್ಲ, 'ಗೌರವಧನ'. ಯಾಕಂದ್ರೆ 2005ರಲ್ಲಿ ಈ ಯೋಜನೆ ಹುಟ್ಟಿದಾಗಲೇ ಸರ್ಕಾರ ಅವಳನ್ನು ನೌಕರಳು ಅನ್ನಲಿಲ್ಲ, 'ಸ್ವಯಂಸೇವಕಿ' ಅಂತು. ಆ ಒಂದು ಪದ ಕನಿಷ್ಠ ವೇತನವನ್ನೂ ಪಿಂಚಣಿಯನ್ನೂ ನುಂಗಿ ಹಾಕಿತು. ಸೇವೆ ಅನ್ನೋ ಮಾತು ನಮಗೆ ಹೊಸದಲ್ಲ. ಹಟ್ಟಿಯವರ ಬಿಟ್ಟಿ ಚಾಕರಿಗೂ ಊರು ಅದೇ ಹೆಸರು ಇಟ್ಟಿತ್ತು. (ಆಶಾಗಳೆಲ್ಲ ನಮ್ಮವರೇ ಅಲ್ಲ, ಗೊತ್ತು. ಬಡತನ ಎಲ್ಲ ಕೇರಿಗಳಿಂದಲೂ ಅವರನ್ನು ತಂದಿದೆ.)

ಲೆಕ್ಕ ಹಾಕೋಣ. 2024ರ ಆಗಸ್ಟಿನಿಂದ ಕರ್ನಾಟಕದ ಸರ್ಕಾರಿ ನೌಕರನ ಕನಿಷ್ಠ ಮೂಲವೇತನ 27,000 ರೂಪಾಯಿ. ಆಗ ಆಶಾಗೆ ರಾಜ್ಯ ಕೊಡುತ್ತಿದ್ದ ನಿಶ್ಚಿತ ಗೌರವಧನ 5,000. ಅದರ ಮೇಲೆ ಕೇಂದ್ರದ ಪ್ರೋತ್ಸಾಹಧನ, ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಅಂತ, ಕಳೆ ಕಿತ್ತ ಸಾಲು ಎಣಿಸಿ ಕೂಲಿ ಕೊಟ್ಟ ಹಾಗೆ. ಅದೇ ಹೊತ್ತಿಗೆ ದೇಶದ ತಲಾ ಆದಾಯ ವರ್ಷಕ್ಕೆ 2 ಲಕ್ಷದ ಆಸುಪಾಸು, ತಿಂಗಳಿಗೆ ಸುಮಾರು 16-17 ಸಾವಿರ. ಈ ತಲೆಗಳಲ್ಲಿ ತೊಟ್ಟಿಲ ಕೂಸೂ ಉಂಟು, ಮೂಲೆ ಹಿಡಿದ ಅಜ್ಜನೂ ಉಂಟು. ಹಾಗಾದರೆ ನಾಲ್ಕು ಹೊಟ್ಟೆಯ ನಮ್ಮ ಮನೆಗೆ ತಿಂಗಳಿಗೆ 60 ಸಾವಿರದ ಮೇಲೆ ಬರಬೇಕು! ನಗಬೇಡಿ. ಸರಾಸರಿ ಅನ್ನೋದು ಗೌಡರ ಕಣಜವನ್ನೂ ಕೇರಿಯ ಮಡಕೆಯನ್ನೂ ಕೂಡಿಸಿ ಎರಡರಿಂದ ಭಾಗಿಸೋ ವಿದ್ಯೆ.

2013ರಲ್ಲಿ 45ನೇ ಭಾರತ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಗುರುತಿಸಿ ಅಂತ ಶಿಫಾರಸು ಮಾಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು 15,000 ಕೇಳಿದರೆ, ಸಿಕ್ಕಿದ್ದು ಎಲ್ಲಾ ಸೇರಿಸಿ 10,000 ಎಂಬ ಭರವಸೆ.

1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತು, ಆ ಹೊರೆಯನ್ನು ಸರ್ಕಾರವೂ ಹೊರಬೇಕು ಅಂದರು. ಸರ್ಕಾರ ಅದನ್ನು ಇಳಿಸಿ ನಮ್ಮವ್ವನ ತಲೆ ಮೇಲೆ ಇಟ್ಟಿದೆ.

ಈ ಸಲ ರಜೆಗೆ ಊರಿಗೆ ಹೋದಾಗ ಅವ್ವನ ಪಾಸ್‌ಬುಕ್ ತೆಗೆದು ನೋಡಿ. ಯಾವ ತಿಂಗಳು ಎಷ್ಟು ಬಂತು, ಎಷ್ಟು ಬಾಕಿ, ಬರಕೊಂಡು ಬನ್ನಿ. ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.