ಕೆರೆಯ ಕಾಲುವೆ ಉತ್ತವರು ಯಾರು?



1980ರ ದಶಕದಲ್ಲಿ ನಮ್ಮ ಚಳವಳಿ ಊರ ಬಾಗಿಲಿಗೆ ಬೋರ್ಡು ಹಾಕಿತ್ತು. ಸಾಲ ವಸೂಲಿಗೆ ಬರುವ ಅಧಿಕಾರಿ ಊರಿನವರ ಅಪ್ಪಣೆ ಇಲ್ಲದೆ ಒಳಗೆ ಕಾಲಿಡಕೂಡದು ಎಂಬುದು ಅದರ ತಾತ್ಪರ್ಯ. ಜಪ್ತಿಗೆ ಬಂದ ಜೀಪು ಆ ಬೋರ್ಡಿನ ಮುಂದೆ ನಿಂತು ಹಿಂದಕ್ಕೆ ತಿರುಗಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಅದೇ ಬಾಗಿಲಲ್ಲಿ ಬೋರ್ ಕೊರೆಯುವ ಲಾರಿ ರಾತ್ರೋರಾತ್ರಿ ಒಳಗೆ ಬಂತು. ಅದನ್ನು ಯಾರೂ ತಡೆಯಲಿಲ್ಲ. ನಾವೇ ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ ಕರೆದುಕೊಂಡೆವು. ಇವತ್ತು ನಮ್ಮ ತಲೆ ಮೇಲಿರುವ ಸಾಲದಲ್ಲಿ ದೊಡ್ಡ ಪಾಲು ಆ ಲಾರಿಯಲ್ಲಿ ಬಂದದ್ದು.

ನಾನು ಹೇಳುತ್ತಿರುವುದು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಮಾತು. 2007ರವರೆಗೆ ಇವೆರಡೂ ಒಂದೇ ಜಿಲ್ಲೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಈ ನೆಲದಲ್ಲೇ, ಹರಿದು ಹೋಗುವುದು ಆಂಧ್ರಕ್ಕೆ, ತಮಿಳುನಾಡಿಗೆ. ಮಳೆಯೋ, ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಇಂಥ ಕಡೆ ನಮ್ಮ ಹಿಂದಿನವರು ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಕೆರೆ ಕಟ್ಟಿದರು. ಕಟ್ಟಿದ್ದು ಸಾಲುಸಾಲಾಗಿ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಕೆರೆಯಂಗಳದ ಜೌಗಿನಲ್ಲಿ ನಿಂತ ನೀರು ನಿಧಾನವಾಗಿ ಇಂಗಿ ಸುತ್ತಲ ತೆರೆದ ಬಾವಿಗಳಿಗೆ ಒರತೆಯಾಗುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ಗಾಡಿ ತುಂಬಿ ಹೊಲಕ್ಕೆ ಹೋಗುತ್ತಿತ್ತು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ.

ನೀರು ಕಡಿಮೆಯಾದ ವರ್ಷ ಏನು ಮಾಡುತ್ತಿದ್ದರು? ದಾಮಾಷಾ ಮಾಡುತ್ತಿದ್ದರು. ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಆರಿಸಿ, ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಅದರಲ್ಲೇ ಹಂಚಿ, ಅಷ್ಟಕ್ಕೆ ಮಾತ್ರ ನೀರು ಬಿಡುತ್ತಿದ್ದರು. ಬಾಲದಲ್ಲಿ ಜಮೀನಿದ್ದವನಿಗೂ ಒಂದಿಷ್ಟು ಬತ್ತ ಸಿಗುತ್ತಿತ್ತು. ಇದನ್ನು ಹೊಗಳುವಾಗ ಇನ್ನೊಂದು ಮಾತನ್ನು ಮರೆಯಬಾರದು. ತೂಬು ಕಾಯುವ ನೀರುಗಂಟಿ ಕೆಲಸ ಹೆಚ್ಚಾಗಿ ದಲಿತರ ಹೆಗಲ ಮೇಲಿತ್ತು. ನಡುರಾತ್ರಿ ಮಳೆಯಲ್ಲಿ ಏರಿ ಕಾಯ್ದವನಿಗೆ ಸುಗ್ಗಿಯಲ್ಲಿ ನಾವು ಕೊಟ್ಟದ್ದು ಒಂದಿಷ್ಟು ಕಾಳು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯದ ಚಾಕರಿ ತೆಗೆದದ್ದು ನ್ಯಾಯವೇ. ಆದರೆ ಆ ಜಾಗಕ್ಕೆ ಸಂಬಳ ಕೊಟ್ಟು ಆಳನ್ನು ಇಡಬೇಕು ಎಂದು ಬಹಳ ಊರುಗಳಿಗೆ ತೋಚಲೇ ಇಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಜಿಲ್ಲಾ ಪಂಚಾಯಿತಿಗೆ ಎಂದಾಯಿತು. ಕೆರೆ ಸರ್ಕಾರದ್ದು ಅಂತ ನಾವು ಕೈತೊಳೆದುಕೊಂಡೆವು.

ಆಮೇಲೆ ಬಂತು ಬೋರು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಕ್ಕೆ ಹೋಯಿತು, ಸಾವಿರಕ್ಕೆ ಹೋಯಿತು, ಈಗ ಸಾವಿರದೈನೂರು ಅಡಿ ಕೊರೆದರೂ ಬರೀ ಕಲ್ಲುಪುಡಿ ಹಾರಿದ ಹೊಲಗಳಿವೆ. ಇದು ಗಟ್ಟಿ ಬಂಡೆಯ ನೆಲ, ನೀರಿರುವುದು ಬಂಡೆಯ ಬಿರುಕಿನಲ್ಲಿ ಮಾತ್ರ. ನನ್ನ ನಾಲ್ಕು ಬೋರಿನಲ್ಲಿ ಮೂರು ಒಣಗಿವೆ. ಬೋರಿನ ಲಾರಿಯವನಿಗೆ ಕಂತು ಗಿಂತು ಇಲ್ಲ, ಅಡಿಗಿಷ್ಟು ಅಂತ ಕೈಮೇಲೆ ದುಡ್ಡು ಎಣಿಸಬೇಕು. ಅದಕ್ಕೆ ಮನೆಯಾಕೆಯ ಒಡವೆ ಅಡವಿಗೆ ಹೋಗುತ್ತದೆ, ಕೈಸಾಲಕ್ಕೆ ಬಡ್ಡಿ ಬೆಳೆಯುತ್ತದೆ. 2018ರಲ್ಲಿ ರಾಜ್ಯ ಸರ್ಕಾರ ಸಾಲಮನ್ನಾ ಮಾಡಿತು. ಅದು ಬ್ಯಾಂಕು, ಸೊಸೈಟಿಯ ಬೆಳೆಸಾಲಕ್ಕೆ. ಬೋರಿನ ಕೈಸಾಲ ಆ ಮನ್ನಾದ ಪಟ್ಟಿಯಲ್ಲಿ ಇರಲಿಲ್ಲ. ಈ ಕಡೆ ಬೆಳೆಸಾಲ ತೀರಿತು ಎಂದವರು ಆ ಕಡೆ ಇನ್ನೊಂದು ಬೋರಿಗೆ ಪಾಯಿಂಟ್ ನೋಡಿಸಿದರು.

ಇಷ್ಟು ಖರ್ಚಿನ ನೀರಲ್ಲಿ ನಾವು ಬೆಳೆಯುವುದು ಟೊಮ್ಯಾಟೊ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಆ ಒಂದು ತಿಂಗಳ ಕಥೆ ಎಲ್ಲರೂ ಹೇಳುತ್ತಾರೆ. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ತಿಂಗಳುಗಳನ್ನು ಯಾರು ಎಣಿಸಿದ್ದಾರೆ? ಮಂಡಿಯ ಹರಾಜಿನಲ್ಲಿ ಹಣ್ಣಿನ ಬಣ್ಣ ನೋಡುತ್ತಾರೆ, ಅದರ ಹಿಂದೆ ಒಣಗಿದ ಬೋರು ಎಷ್ಟು ಅಂತ ಕೇಳುವುದಿಲ್ಲ. ಮಳೆ ನೀರಲ್ಲೇ ಬೆಳೆಯುವ ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕಾಗದದ ಮೇಲೆ ವಾಸಿ. ಆದರೆ ನೋಂದಣಿ, ಸರದಿ, ದುಡ್ಡು ಕೈಸೇರುವ ತನಕ ಕಾಯುವ ತಾಕತ್ತಿಲ್ಲದ ರೈತ ಕಣದಲ್ಲೇ ವ್ಯಾಪಾರಿಗೆ ಅಳೆದುಬಿಡುತ್ತಾನೆ. ರಾಗಿ ನಮ್ಮನ್ನು ಸಾಕುವ ಹಾಗಿದ್ದರೆ ನಾವು ಪಾತಾಳಕ್ಕೆ ಪೈಪು ಇಳಿಸುತ್ತಿದ್ದೆವಾ?

ಇಷ್ಟೂ ಸರ್ಕಾರಕ್ಕೂ ಮಾರುಕಟ್ಟೆಗೂ ಹೇಳುವ ಮಾತು. ಇನ್ನು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು, ಸ್ವಲ್ಪ ಕಹಿ.

ಕೆರೆ ಬತ್ತಿದ್ದು ಮಳೆ ಬರದೇ ಮಾತ್ರವಲ್ಲ. ಬಂದ ಮಳೆ ಕೆರೆ ಸೇರಲು ದಾರಿಯೇ ಇಲ್ಲ. ರಾಜಕಾಲುವೆ ಎಲ್ಲಿ ಹೋಯಿತು? ನೇಗಿಲ ಬಾಯಿಗೆ ಹೋಯಿತು. ಭೂಮಿ ಇಲ್ಲದವನು ಕಾಲುವೆ ಉಳುವುದಿಲ್ಲ. ಉತ್ತವರು ಅದರ ಪಕ್ಕ ಹೊಲ ಇರುವ ನಾವು. ನಮ್ಮಪ್ಪನ ಕಾಲಕ್ಕೆ ಎರಡು ಗಾಡಿ ಅಗಲ ಇದ್ದ ಕಾಲುವೆ ನನ್ನ ಕಾಲಕ್ಕೆ ಮೇಕೆ ದಾಟುವಷ್ಟಾಯಿತು. ಅದರಲ್ಲಿ ನಾಲ್ಕು ಸಾಲು ನನ್ನದೂ ಇತ್ತು. ಗ್ರಾಮ ನಕ್ಷೆ ಹಿಡಿದು ಅಳೆದಾಗ ಗೊತ್ತಾಯಿತು ಅಂದರೆ ಸುಳ್ಳಾಗುತ್ತದೆ. ಮೊದಲೇ ಗೊತ್ತಿತ್ತು. ಅಳೆದ ಮೇಲೆ ಬಿಟ್ಟುಕೊಟ್ಟೆ, ಅಷ್ಟೆ. ನೀಲಗಿರಿಯ ಕಥೆಯೂ ಹಾಗೇ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. ನಮ್ಮ ಸೀಮೆಯಲ್ಲಿ ಕೂಲಿ ಉಳಿಯುತ್ತದೆ ಅಂತ ನಾವೇ ಹೊಲಕ್ಕೆ ಹೊಲ ನೆಟ್ಟೆವು. 2017ರಲ್ಲಿ ಸರ್ಕಾರ ಬೇಡ ಅನ್ನುವ ತನಕ ನಮಗೆ ಬೇಡವೆನಿಸಲಿಲ್ಲ.

“ಹೊರಗಿಂದ ನೀರು ಬರುತ್ತಲ್ಲ ಸ್ವಾಮಿ, ಕಾಲುವೆ ಯಾಕೆ?” ಎನ್ನುವವರಿದ್ದಾರೆ. ಬಂತಲ್ಲ. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿ ಮಾಡಿದ್ದು, ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದು ವಿಷಯ ಹೈಕೋರ್ಟು ಹತ್ತಿತು. ಆ ನೀರು ಹರಿದ ಕೆರೆಗಳ ಆಸುಪಾಸಿನ ಬಾವಿಗಳಲ್ಲಿ ಮತ್ತೆ ನೀರು ಕಂಡದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ನಾವು ಕೇಳಿದ್ದೂ ಸರಿ. ಇನ್ನು ಎತ್ತಿನಹೊಳೆ. 2012ರಲ್ಲಿ 8,323 ಕೋಟಿ ಅಂದಾಜಿನ ಯೋಜನೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯಾಯಿತು. 24 ಟಿಎಂಸಿಯಲ್ಲಿ ಸುಮಾರು 10 ಟಿಎಂಸಿ 527 ಕೆರೆ ತುಂಬಿಸಲು ಎನ್ನುತ್ತದೆ ಯೋಜನೆ. ಸರಿ, ಬರಲಿ. ಆದರೆ ಏರಿ ಬಿರಿದ, ತೂಬು ಹೂತ, ಕಾಲುವೆ ಇಲ್ಲದ ಕೆರೆಗೆ ನೀರು ಬಂದು ಏನು ಮಾಡುತ್ತದೆ? 2021ರ ನವೆಂಬರ್ ಮಳೆ ಇದನ್ನು ತೋರಿಸಿಕೊಟ್ಟಿತು. ಎಷ್ಟೋ ವರ್ಷದಿಂದ ತುಂಬದ ಕೆರೆ ಕೋಡಿ ಬಿದ್ದವು. ಕಾಲುವೆ ಮುಚ್ಚಿದ ಕಡೆ ಅದೇ ನೀರು ಬೆಳೆ ಮೇಲೆ, ಮನೆಯೊಳಕ್ಕೆ ನುಗ್ಗಿತು.

ಆದ್ದರಿಂದ ನಮ್ಮ ಸಂಘಟನೆಯ ಮುಂದೆ ಈ ಕೆಲಸ ಇಡುತ್ತೇನೆ. ಪ್ರತಿ ಊರಿನ ಘಟಕವೂ ಗ್ರಾಮ ನಕ್ಷೆ ತಂದು, ಮೇಲಿನ ಕೆರೆಯ ಕೋಡಿಯಿಂದ ನಮ್ಮ ಕೆರೆಯ ತನಕ ಕಾಲುವೆ ಉದ್ದಕ್ಕೂ ನಡೆಯಬೇಕು. ಒತ್ತುವರಿ ಗುರುತು ಹಾಕುವಾಗ ಮೊದಲ ಕಲ್ಲು ಸಂಘದ ಪದಾಧಿಕಾರಿಯ ಹೊಲದಲ್ಲೇ ಬೀಳಬೇಕು. ಊರಿಗೊಬ್ಬ ನೀರುಗಂಟಿಯನ್ನು ಜಾತಿ ನೋಡದೆ, ತಿಂಗಳ ಸಂಬಳಕ್ಕೆ ಇಡಬೇಕು. ಹೊಸ ಬೋರು ಕೊರೆಸುವ ಮುನ್ನ ಅಕ್ಕಪಕ್ಕದ ಮೂವರು ಕೂತು ಇರುವ ನೀರನ್ನೇ ದಾಮಾಷಾ ಮಾಡಿಕೊಳ್ಳಲು ಆದೀತೇ ಎಂದು ಮಾತಾಡಬೇಕು. ಇಷ್ಟು ಮಾಡಿದ ಮೇಲೆ ರಾಗಿಯ ಖರೀದಿ ಕೇಂದ್ರ ಕಣದ ಹತ್ತಿರ ಬರಲಿ, ಬೋರಿನ ಸಾಲವೂ ಮನ್ನಾದ ಲೆಕ್ಕಕ್ಕೆ ಸೇರಲಿ ಎಂದು ವಿಧಾನಸೌಧದ ಮುಂದೆ ಕೂತರೆ ನಮ್ಮ ದನಿಗೆ ತೂಕ ಇರುತ್ತದೆ.

ಈ ಬೇಸಿಗೆ ಕಳೆದರೆ ಮುಂಗಾರು. ಅಷ್ಟರಲ್ಲಿ ನಿಮ್ಮೂರಿನ ಕಾಲುವೆ ಒಮ್ಮೆ ನಡೆದು ನೋಡಿ. ಎಲ್ಲಿ ಕಾಲುವೆ ನಿಂತು ಹೊಲ ಶುರುವಾಗುತ್ತದೋ ಅಲ್ಲಿ ನಿಂತು, ಆ ಹೊಲ ಯಾರದು ಅಂತ ಕೇಳಿಕೊಳ್ಳಿ.